ನಾನೂರ ಹನ್ನೆರಡನೇ ಬಿಲ್ಲೆ

ರೆಡೊಂಡೊ ಬೀಚ್
೯ ಜನವರಿ ೨೦೨೨

ಇಂದುಧರ ಅವರಿಗೆ,

ಹದಿಮೂರು ತಿಂಗಳ ನಂತರ ನನ್ನ ಅಕ್ಷರ ನೋಡಿ ನಿಮಗೆ ಗಾಬರಿಯಾಗಬಹುದು. ಗಾಬರಿ ಬೇಡ. ಕೆಲಸವಿದೆ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದೇನಲ್ಲ, ಅದು ಹಾಗೇ ಇರುತ್ತದೆ. ಉತ್ತರ ಕೊಡುವುದಿದ್ದರೆ ಕಾಗದದಲ್ಲೇ ಕೊಡಿ. ನಿಮ್ಮ ದನಿ ಕೇಳಲು ನಾನಿನ್ನೂ ತಯಾರಿಲ್ಲ.

ನಿಮ್ಮ ಗೆಳೆಯ ಉಮಾಶಂಕರ್ ತೀರಿಹೋಗುವ ಹಿಂದಿನ ವಾರ ನಿಮ್ಮ ಮನೆ ಬಾಗಿಲಲ್ಲಿ ಒಂದು ನೀಲಿ ನೋಟ್‌ಬುಕ್ ಇಟ್ಟು, ಮಾಸ್ಕ್ ಹಾಕಿಕೊಂಡು ದೂರದಿಂದಲೇ ಕೈಬೀಸಿ ಬಂದಿದ್ದರು. ಮರುಭೂಮಿಯಲ್ಲಿ ಪಾಳುಬಿದ್ದ ಲ್ಯಾಂಟರ್ನ್ ಗಣಿಗೆ ಹೋಗುವ ದಾರಿ, ನಕ್ಷೆ, ಅವರು ಕೂಡಿಹಾಕಿದ ಮಾಹಿತಿ ಎಲ್ಲ ಅದರಲ್ಲಿದೆ. ಅದು ನನಗೆ ಬೇಕು.

ಆಗ ನಾನು ಹ್ಯೂಸ್ಟನ್‌ನಲ್ಲಿ ಮಗಳು ಆರತಿಯ ಬಾಣಂತನದಲ್ಲಿದ್ದೆ. ಕೊರೋನಾ ಅಂತ ನೀವಿಬ್ಬರೂ ಒಂದೇ ಕಾರಿನಲ್ಲಿ ಕೂರುವುದು ಬೇಡ ಎಂದುಕೊಂಡಿರಿ. ಅವರು ಒಬ್ಬರೇ ಮರುಭೂಮಿಗೆ ಹೋದರು. ಸಂಜೆ ಆರಕ್ಕೆ ಫೋನ್ ಬರದಿದ್ದರೆ ಶೆರಿಫ್ ಕಚೇರಿಗೆ ತಿಳಿಸುವುದು ನಿಮ್ಮ ಜವಾಬ್ದಾರಿಯಾಗಿತ್ತು. ನೀವು ತಿಳಿಸಿದ್ದು ಒಂಬತ್ತಕ್ಕೆ. ಬೆಳಗಿನ ನಾಲ್ಕರ ತನಕ ಜೀವ ಇದ್ದಿರಬೇಕು ಎಂದು ವರದಿ ಬರೆದವರು ಹೇಳಿದರು. ಹುಡುಕುವವರು ಅವರ ಹತ್ತಿರ ತಲುಪಿದ್ದು ಆರಕ್ಕೆ. ನಿಮಗೆ ಗೊತ್ತಿಲ್ಲದ್ದು ಇದರಲ್ಲಿ ಏನೂ ಇಲ್ಲ. ಆದರೆ ಇದನ್ನು ಬರೆಯದೆ ಮುಂದಿನ ಸಾಲಿಗೆ ಹೋಗಲು ಕೈ ಒಪ್ಪಲಿಲ್ಲ.

ಮುಂದಿನ ಸಾಲು ಇದು: ಅವರು ಶುರು ಮಾಡಿದ್ದನ್ನು ನಾನು ಮುಗಿಸುತ್ತೇನೆ. ಆ ಗಣಿಯ ತನಕ ಹೋಗುತ್ತೇನೆ, ನೋಡಬೇಕಾದ್ದನ್ನು ನೋಡುತ್ತೇನೆ, ವಾಪಸ್ ಬರುತ್ತೇನೆ. ಮೂರೂ ಆಗಬೇಕು. ಎರಡಾಗಿ ಒಂದು ಉಳಿಯುವ ಹಾಗಿಲ್ಲ.

ನೋಟ್‌ಬುಕ್ಕನ್ನು ಅಂಚೆಯಲ್ಲಿ ಕಳಿಸಿ. ಕೊಡುವ ನೆಪದಲ್ಲಿ ಮನೆಗೆ ಬರಬೇಡಿ.

ತುಳಸಿ ಉಮಾಶಂಕರ್


ರಾಂಚೊ ಬರ್ನಾರ್ಡೊ
೨೦ ಜನವರಿ ೨೦೨೨

ಅತ್ತಿಗೆಗೆ ನಮಸ್ಕಾರ.

ನೋಟ್‌ಬುಕ್ ಇದರ ಜೊತೆಗಿದೆ. ನನ್ನಲ್ಲೇ ಇಟ್ಟುಕೊಂಡಿದ್ದು ತಪ್ಪು. ಕಳಿಸಿದರೆ ನೀವು ಓದದೆ ಹರಿದುಹಾಕುತ್ತೀರೇನೋ ಎಂದು ಹೆದರಿದ್ದೆ.

ಕೊನೆಯ ಹತ್ತು ಪುಟ ಓದಿ. ೧೯೦೯ರ ಮಾರ್ಚ್‌ನಲ್ಲಿ ಆ ಗಣಿಯೊಳಗೆ ಬೆಂಕಿ ಬಿದ್ದಿತ್ತು. ಎಲ್ಲರೂ ಮೇಲೆ ಬಂದರು, ಯಾರಿಗೂ ಏನೂ ಆಗಲಿಲ್ಲ ಎಂದು ಕಂಪನಿ ಬರೆದುಕೊಟ್ಟಿದೆ. ಆದರೆ ಅದೇ ದಿನ ಮೂವರು ಆಳುಗಳು ಕೆಲಸ ಬಿಟ್ಟು ಹೋದರು ಎಂದೂ ಬರೆದಿದೆ. ಶಂಕರನಿಗೆ ಕೌಂಟಿಯ ಹಳೆ ಕಾಗದಗಳಲ್ಲಿ ಆ ಆಳುಗಳು ತಂಗಿ ಉಣ್ಣುತ್ತಿದ್ದ ಊಟದ ಮನೆಯ ಪಟ್ಟಿ ಸಿಕ್ಕಿತ್ತು. ಅದರಲ್ಲಿ ಹೆಸರು, ಹೆಸರಿನ ಮುಂದೆ ಗಣಿಯ ನಂಬರು. ಆ ಮೂವರ ಹೆಸರಿನ ಎದುರು 'ಪೆಟ್ಟಿಗೆ ಇಲ್ಲೇ ಇದೆ' ಎಂದು ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ದಾರೆ. ಊರು ಬಿಟ್ಟು ಹೋಗುವವನು ಬಟ್ಟೆ ಪೆಟ್ಟಿಗೆ ಬಿಟ್ಟು ಹೋಗುತ್ತಾನೆಯೇ ಎಂದು ಶಂಕರ ನನ್ನನ್ನು ಎಷ್ಟು ಸಲ ಕೇಳಿದ್ದನೋ.

ಕೊನೆಯ ಪುಟದಲ್ಲಿ ಒಂದೇ ಸಾಲಿದೆ. 'ಟೈಮ್ ಆಫೀಸಿನ ಹಲಗೆ ಇನ್ನೂ ಇದೆಯಂತೆ. ನೋಡಬೇಕು.' ಅವನು ಹೋದದ್ದು ಅದಕ್ಕೆ.

ನೀವು ಹೋಗಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ, ಆದರೂ ಹೇಳುತ್ತೇನೆ, ಹೋಗಬೇಡಿ. ಹೋಗಲೇಬೇಕೆಂದರೆ ನಾನು ಜೊತೆಗೆ ಬರುತ್ತೇನೆ. ಆವತ್ತು ಅವನು ಯಾವಾಗಲೂ ತಡ ಮಾಡುವವನು, ಬರುತ್ತಾನೆ ಎಂದುಕೊಂಡು ಕೂತೆ. ಏಳಕ್ಕೂ ಹಾಗೇ ಅಂದುಕೊಂಡೆ, ಎಂಟಕ್ಕೂ ಹಾಗೇ ಅಂದುಕೊಂಡೆ. ಕ್ಷಮಿಸಿ ಎಂದು ಬರೆದರೆ ಆ ಮಾತು ಬಹಳ ಸಣ್ಣದಾಗಿ ಕಾಣುತ್ತದೆ. ಆದರೂ ಕ್ಷಮಿಸಿ.

ಜಯಾ ನಿಮ್ಮನ್ನು ಕೇಳಿದಳು.

ಇಂದುಧರ


ರೆಡೊಂಡೊ ಬೀಚ್
೬ ಮಾರ್ಚ್ ೨೦೨೨

ಇಂದುಧರ ಅವರಿಗೆ,

ನೋಟ್‌ಬುಕ್ ತಲುಪಿತು. ಹರಿಯಲಿಲ್ಲ. ನನ್ನನ್ನು ಅತ್ತಿಗೆ ಎಂದು ಕರೆದಿದ್ದೀರಿ, ಅದನ್ನೂ ಹೊಡೆದುಹಾಕಲಿಲ್ಲ. ಕ್ಷಮೆಯ ವಿಷಯ ಬಿಡಿ, ಅದು ಕೇಳಿದ ತಕ್ಷಣ ಡಬ್ಬಿಯಿಂದ ತೆಗೆದು ಕೊಡುವ ಸಾಮಾನಲ್ಲ.

ನೀವು ಜೊತೆಗೆ ಬರುವುದು ಬೇಡ. ನನಗೆ ಜೊತೆ ಸಿಕ್ಕಿದೆ. ವಿಜಯ ಅಂತ, ಹುಬ್ಬಳ್ಳಿಯ ಹೆಣ್ಣುಮಗಳು, ಮೂವತ್ತು ವರ್ಷ ನರ್ಸ್ ಆಗಿ ರಿಟೈರ್ ಆದವರು. ಆರ್ಟೀಸಿಯಾದ ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟಿನ ಕೊನೆಯ ಚೀಲಕ್ಕೆ ನಾವಿಬ್ಬರೂ ಒಟ್ಟಿಗೆ ಕೈ ಹಾಕಿದೆವು, ಹಾಗೆ ಪರಿಚಯ. ಅರವತ್ತೆರಡು ವಯಸ್ಸು, ಸ್ವಂತ ಜೀಪು. "ಮಂಡಿನೋವು ಅಂತೀರಲ್ಲ, ಮರುಭೂಮಿ ಯಾಕೆ?" ಅಂದೆ. "ಮನ್ಯಾಗ ಕುಂತ್ರ ನೋಯ್ತಾವ್ರಿ, ಗಾಡಿ ಹತ್ತಿದ್ರ ಮರೀತಾವ" ಅಂದರು.

ಇಬ್ಬರೂ ಎರಡು ತಿಂಗಳಿಂದ ಕಲಿಯುತ್ತಿದ್ದೇವೆ. ಟಯರ್ ಬದಲಿಸುವುದನ್ನು ನಮ್ಮ ಡ್ರೈವ್‌ವೇಯಲ್ಲಿ ಹನ್ನೊಂದು ಸಲ ಮಾಡಿದೆವು. ಎದುರು ಮನೆಯಾತ ಸಹಾಯಕ್ಕೆ ಬಂದ, ಬೇಡ ಎಂದು ಕಳಿಸಿದೆವು. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಅದರ ಎರಡರಷ್ಟು ಕಾರಿನಲ್ಲಿ. ಎರಡು ಕಾರು, ಒಂದು ಕೆಟ್ಟರೆ ಇನ್ನೊಂದು. ಉಪಗ್ರಹದಿಂದ ಮೆಸೇಜ್ ಕಳಿಸುವ ಯಂತ್ರ ತೆಗೆದುಕೊಂಡೆ. ನಮ್ಮವರು ಅದನ್ನು ಸೇಲ್ ಬಂದಾಗ ತಗೊಳ್ತೀನಿ ಅನ್ನುತ್ತಿದ್ದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು, ಆದರೂ ಹಾಕಿದ್ದೇನೆ. ಏಪ್ರಿಲ್ ಮೇಲೆ ಅಕ್ಟೋಬರ್ ತನಕ ಆ ಕಡೆ ತಲೆ ಹಾಕಬಾರದು, ಬಿಸಿಲು ಕೊಲ್ಲುತ್ತದೆ. ಕಾಯುತ್ತೇನೆ.

ಇನ್ನೊಂದು ನಿಯಮ ನನ್ನಪ್ಪನದು. ಗಣಿಯ ಬಾಯಿಯೊಳಗೆ ಕಾಲಿಡಬಾರದು. ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸದಲ್ಲಿದ್ದರು ಎಂದು ನಿಮಗೆ ಗೊತ್ತು. ಅವರೇ ಹೇಳುತ್ತಿದ್ದರು, "ಆಳು ಬಿಟ್ಟ ಗಣಿಗೆ ನಾನೂ ಇಳಿಯೊಲ್ಲ, ಮರ ಎಲ್ಲಿ ಕೊಳೆತಿದೆ ಅಂತ ದೇವರಿಗೂ ಗೊತ್ತಿರೊಲ್ಲ." ನಾನು ಹೋಗುತ್ತಿರುವುದು ಹೊರಗಿನ ಟೈಮ್ ಆಫೀಸಿನ ಹಲಗೆ ನೋಡಲು ಮಾತ್ರ.

ಆ ಹಲಗೆ ಏನೆಂದು ಅಮೆರಿಕದವರಿಗೆ ವಿವರಿಸಬೇಕು, ನನಗೆ ಬೇಡ. ಅಪ್ಪನ ಗಣಿ ಚಾಂಪಿಯನ್ ರೀಫ್‌ನಲ್ಲಿ ಅಂಥದ್ದೇ ಇತ್ತು. ಸಾಲಾಗಿ ಮೊಳೆ, ಮೊಳೆಯ ಮೇಲೆ ನಂಬರು. ಕೆಳಗೆ ಇಳಿಯುವವನು ತನ್ನ ಹಿತ್ತಾಳೆ ಬಿಲ್ಲೆಯನ್ನು ತನ್ನ ಮೊಳೆಗೆ ತೂಗುಹಾಕಿ ಇಳಿಯಬೇಕು, ಮೇಲೆ ಬಂದವನು ತಾನೇ ತೆಗೆದುಕೊಂಡು ಹೋಗಬೇಕು. ಪಾಳಿ ಮುಗಿದಾಗ ಬಿಲ್ಲೆ ಉಳಿದಿದ್ದರೆ ಸೈರನ್. ಅರ್ಧ ಗಂಟೆ ನೋಡೋಣ ಎನ್ನುವ ಮಾತೇ ಇರಲಿಲ್ಲ. ಇನ್ನೊಬ್ಬರ ಬಿಲ್ಲೆ ಮುಟ್ಟುವ ಹಾಗಿರಲಿಲ್ಲ. ಸತ್ತವನ ಬಿಲ್ಲೆಯನ್ನು ಮಾತ್ರ, ಅವನ ಹೆಸರು ದೊಡ್ಡ ಪುಸ್ತಕದಲ್ಲಿ ಬರೆದ ಮೇಲೆ, ಟೈಮ್ ಆಫೀಸಿನವರು ತೆಗೆಯುತ್ತಿದ್ದರು.

ಅಪ್ಪನ ಬಿಲ್ಲೆ, ನಾನೂರ ಹನ್ನೆರಡು, ನಮ್ಮ ಮದುವೆಯಲ್ಲಿ ಅಳಿಯನ ಕೈಗೆ ಬಂತು. ಇವರು ಮರುಭೂಮಿಗೆ ಹೊರಟಾಗಲೆಲ್ಲ ಅದನ್ನು ಅಡುಗೆಮನೆಯ ಮೊಳೆಗೆ ಹಾಕಿ ಹೋಗುತ್ತಿದ್ದರು, ಬಂದು ತೆಗೆಯುತ್ತಿದ್ದರು. ಆವತ್ತೂ ಹಾಕಿ ಹೋಗಿದ್ದಾರೆ. ಅದು ಇನ್ನೂ ಅಲ್ಲೇ ಇದೆ. ಒಗ್ಗರಣೆ ಹಾಕುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

ಇದನ್ನು ನಿಮಗೆ ಯಾಕೆ ಬರೆದೆನೋ ಗೊತ್ತಿಲ್ಲ. ಬೇರೆ ಯಾರಿಗೆ ಬರೆಯಲಿ?

ತುಳಸಿ


ರಾಂಚೊ ಬರ್ನಾರ್ಡೊ
೧೯ ಮಾರ್ಚ್ ೨೦೨೨

ಅತ್ತಿಗೆಗೆ ನಮಸ್ಕಾರ.

ಒಂದೇ ಪ್ರಶ್ನೆ. ನೀವಿಬ್ಬರು ಹೋದಾಗ ಮನೆಯಲ್ಲಿ ಕೂತು ಗಡಿಯಾರ ನೋಡುವವರು ಯಾರು?

ಇಂದುಧರ


ರೆಡೊಂಡೊ ಬೀಚ್
೨ ಏಪ್ರಿಲ್ ೨೦೨೨

ಇಂದುಧರ ಅವರಿಗೆ,

ಪ್ರಣವ್. ಹೆತ್ತ ಮಗನಿಗಿಂತ ಬೇರೆ ಯಾರು ಬೇಕು.

ತುಳಸಿ


ರೆಡೊಂಡೊ ಬೀಚ್
೧೪ ಅಕ್ಟೋಬರ್ ೨೦೨೨

ಇಂದುಧರ ಅವರಿಗೆ,

ಬೇಸಿಗೆ ಕಳೆಯಿತು. ಏಪ್ರಿಲ್‌ನಲ್ಲಿ ಬರೆದ ಒಂದು ಸಾಲಿನ ಕಾಗದದಲ್ಲಿ ಸೊಕ್ಕಿತ್ತು. ಆ ಸೊಕ್ಕು ಮುರಿದಿದೆ, ಹೇಗೆಂದು ಹೇಳುತ್ತೇನೆ.

ಆ ತಿಂಗಳೇ ವಿಜಯ ಮತ್ತು ನಾನು ಪ್ರಯೋಗಕ್ಕೆಂದು ನಿಮ್ಮ ಕಡೆಯ ಆಂಜಾ ಬೊರೆಗೊ ಮರುಭೂಮಿಗೆ ಹೋಗಿದ್ದೆವು. ಹೆದ್ದಾರಿಯಿಂದ ನಿಮ್ಮ ಮನೆಗೆ ತಿರುಗುವ ಎಕ್ಸಿಟ್ ದಾಟಿಯೇ ಹೋದೆ, ನಿಲ್ಲಿಸಲಿಲ್ಲ. ಪ್ರಣವ್‌ಗೆ ಮೂರು ಗಂಟೆಗೆ ಫೋನ್ ಮಾಡುತ್ತೇನೆ, ಬರದಿದ್ದರೆ ತಿಳಿಸು ಎಂದು ಹೇಳಿದ್ದೆ. ಬೇಕೆಂದೇ ಫೋನ್ ಮಾಡಲಿಲ್ಲ. ಪರೀಕ್ಷೆ. ಮೂರಾಯಿತು, ನಾಲ್ಕಾಯಿತು, ಐದಾಯಿತು. ಐದೂಮುಕ್ಕಾಲಿಗೆ ಅವನಿಂದ ಮೆಸೇಜ್ ಬಂತು, ಏನಮ್ಮಾ ಎಲ್ಲಾ ಓಕೆನಾ ಅಂತ. ಕೇಳಿದ್ದಕ್ಕೆ, "ಮೀಟಿಂಗಲ್ಲಿದ್ದೆ. ಚಿಲ್, ಅಮ್ಮಾ. ನೀವೆಲ್ಲ ಯಾವತ್ತು ಟೈಮಿಗೆ ಬಂದಿದೀರಾ?" ಎಂದ. ಅವನ ಅಪ್ಪ ಹೇಗೆ ಹೋದರು ಎಂದು ಗೊತ್ತಿರುವ ಮಗ. ಕೆಟ್ಟವನಲ್ಲ. ನಮ್ಮ ನಡುವೆ ಬೆಳೆದವನು, ಅಷ್ಟೇ. ಐದಕ್ಕೆ ಎಂದು ಕಾರ್ಡಿನಲ್ಲಿದ್ದರೆ ಏಳಕ್ಕೆ ಸ್ನಾನಕ್ಕೆ ಹೋಗುವ ಜನ ನಾವು.

ಆರತಿಯನ್ನು ಕೇಳಿದೆ, ಪುಟ್ಟ ಮಗುವಿನ ತಾಯಿ, ಅವಳ ಬೆನ್ನ ಮೇಲೆ ಇದನ್ನು ಹೇರಲಾರೆ. ವಿಜಯ ಅವರ ತಂಗಿ ಒಪ್ಪಿದರು, ಆದರೆ "ಅರ್ಧಾ ತಾಸ್ ಹೆಚ್ಚು ಕಡಿಮಿ ಆದ್ರ ಪೊಲೀಸರನ್ನ ಯಾಕ್ ಎಬ್ಬಸೂದ್ರಿ, ಸಂಕೋಚ ಆಗ್ತೈತಿ" ಅಂದರು. ಆ ಮಾತು ಕೇಳಿ ಅವರ ಹೆಸರನ್ನೂ ಬಿಟ್ಟೆ.

ಇಡೀ ಬೇಸಿಗೆ ಯೋಚಿಸಿದೆ. ನನಗೆ ಗೊತ್ತಿರುವ ಜನರಲ್ಲಿ ಇನ್ನು ಒಂದು ನಿಮಿಷವನ್ನೂ ಬಿಟ್ಟುಕೊಡದವರು ಒಬ್ಬರೇ ಇದ್ದಾರೆ. ಅದಕ್ಕೇ ಕೇಳುತ್ತಿದ್ದೇನೆ, ನೀವು ಗಡಿಯಾರ ನೋಡುತ್ತೀರಾ? ಇದು ಕ್ಷಮೆಯಲ್ಲ. ಗಣಿಯ ಊರಿನ ಲೆಕ್ಕ. ಒಮ್ಮೆ ಸೈರನ್ ತಡವಾಗಿ ಒತ್ತಿದವನನ್ನು ಅಪ್ಪನ ಕಾಲದಲ್ಲಿ ಕೆಲಸದಿಂದ ತೆಗೆಯಲಿಲ್ಲ, ಅವನೇ ಮುಂದಿನ ಇಪ್ಪತ್ತು ವರ್ಷ ಅಲ್ಲಿ ಕೂತ.

ಒಪ್ಪಿದರೆ ಹೇಳಿ. ನಮ್ಮ ಯೋಜನೆ ಇದು. ನವೆಂಬರ್ ೧೨, ಶನಿವಾರ. ಶುಕ್ರವಾರ ಬಾರ್‌ಸ್ಟೋದಲ್ಲಿ ಉಳಿದು ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ. ಎಲ್ಲೇ ಇರಲಿ, ಏನೇ ಕಾಣಲಿ, ಹನ್ನೆರಡೂವರೆಗೆ ಹಿಂದಿರುಗುತ್ತೇವೆ. ನಾಲ್ಕು ಗಂಟೆಗೆ ಟಾರು ರಸ್ತೆಯಿಂದ ಫೋನ್ ಮಾಡುತ್ತೇನೆ. ನಕ್ಷೆ, ಕಾರುಗಳ ನಂಬರು, ನಮ್ಮ ರಕ್ತದ ಗುಂಪು ಎಲ್ಲ ಜೊತೆಗಿದೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ಮೇಲೆ ನಮ್ಮ ನಾಲ್ಕು ಶೂಗಳ ಗುರುತು ಒತ್ತಿ ಇಟ್ಟಿದ್ದೇನೆ, ಹುಡುಕುವವರಿಗೆ ಹೆಜ್ಜೆ ತಿಳಿಯಲಿ ಅಂತ. ಮಡಚಬೇಡಿ.

ನಿಮ್ಮ ನಂಬರನ್ನು ಆ ಒಂದು ಕರೆಗಾಗಿ ಅನ್‌ಬ್ಲಾಕ್ ಮಾಡಿದ್ದೇನೆ.

ತುಳಸಿ


ರಾಂಚೊ ಬರ್ನಾರ್ಡೊ
೨೨ ಅಕ್ಟೋಬರ್ ೨೦೨೨

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಆಗುವುದಿಲ್ಲ ಎಂದು ಎರಡು ಸಲ ಬರೆದು ಹರಿದೆ. ನನ್ನ ಮೇಲೆ ನನಗೇ ಭರವಸೆ ಇಲ್ಲದಿದ್ದಾಗ ನೀವು ಇಟ್ಟರೆ ಹೇಗೆ? ಜಯಾ ಕೊನೆಗೆ ಬೈದಳು. "ಅವರು ಕೇಳ್ತಿರೋದು ನಿಮ್ಮ ಮನಸ್ಸಿನ ಸ್ಥಿತಿ ಅಲ್ಲ ಕಣ್ರೀ, ನಾಲ್ಕು ಗಂಟೆಗೆ ಒಂದು ಫೋನು. ಮಾಡ್ತೀರೋ ಇಲ್ವೋ ಹೇಳಿ."

ಮಾಡುತ್ತೇನೆ.

ಎರಡು ವರ್ಷದಿಂದ ನಾನು ಎಲ್ಲ ಕಡೆಗೂ ಹೇಳಿದ ಹೊತ್ತಿಗೆ ಹೋಗುತ್ತೇನೆ. ಯುಗಾದಿ ಕಾರ್ಯಕ್ರಮ ಐದಕ್ಕೆ ಎಂದಿತ್ತು, ಐದಕ್ಕೆ ಹೋದೆ. ಹಾಲ್‌ನ ಬೀಗ ತೆಗೆಯುವವರೂ ಬಂದಿರಲಿಲ್ಲ. ಪಾರ್ಕಿಂಗ್‌ನಲ್ಲಿ ಒಂದೂವರೆ ಗಂಟೆ ಕೂತೆ. ಜನ ನಗುತ್ತಾರೆ, ನಗಲಿ.

ಒಂದು ವಿಷಯ ಈಗಲೇ ತಿಳಿಸಿಬಿಡುತ್ತೇನೆ, ಆಮೇಲೆ ಬೇಜಾರು ಬೇಡ. ನಾಲ್ಕು ಎಂದರೆ ನಾಲ್ಕು. ನೀವು ಬರುತ್ತಿರಬಹುದು, ಸಿಗ್ನಲ್ ಇಲ್ಲದಿರಬಹುದು, ಟೀ ಕುಡಿಯುತ್ತಿರಬಹುದು ಎಂದು ಯೋಚಿಸುವುದಿಲ್ಲ. ಯೋಚಿಸುವ ಕೆಲಸ ನಾನು ಒಮ್ಮೆ ಮಾಡಿದ್ದೇನೆ, ಸಾಕು.

ಅಲ್ಯೂಮಿನಿಯಂ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿದ್ದೇವೆ. ಹನ್ನೆರಡನೇ ತಾರೀಕಿನವರೆಗೆ ನಾವು ಅಡುಗೆಮನೆಯಲ್ಲಿ ನಿಂತೇ ಊಟ.

ಇಂದುಧರ


ರೆಡೊಂಡೊ ಬೀಚ್
೧೪ ನವೆಂಬರ್ ೨೦೨೨

ಇಂದು,

ಮೊನ್ನೆ ಫೋನಿನಲ್ಲಿ ನಾನು "ಮೇಲೆ ಬಂದೆವು" ಅಂದೆ, ನೀವು "ಸರಿ" ಅಂದಿರಿ. ಎರಡು ವರ್ಷದ ಮೇಲೆ ಇಬ್ಬರೂ ಆಡಿದ ಮಾತು ಅಷ್ಟು. ಉಳಿದದ್ದನ್ನು ಈಗ ಬರೆಯುತ್ತೇನೆ.

ಹೋಗುವ ದಾರಿ ನೋಟ್‌ಬುಕ್‌ನಲ್ಲಿ ಇದ್ದ ಹಾಗೇ ಇತ್ತು. ಕಾರುಗಳನ್ನು ನಿಲ್ಲಿಸಿ ಮೂರು ಮೈಲಿ ನಡಿಗೆ. ಒಂದು ಮೈಲಿ ಆದ ಮೇಲೆ ಒಣಹಳ್ಳ. ಅವರು ಜಾರಿ ಬಿದ್ದ ಜಾಗ ವರದಿಯಲ್ಲಿ ಗುರುತು ಮಾಡಿದ್ದರು, ಯಂತ್ರ ಅಲ್ಲಿಗೇ ತಂದು ನಿಲ್ಲಿಸಿತು. ನಾನು ಎಂಥದೋ ಪ್ರಪಾತ ಎಂದುಕೊಂಡಿದ್ದೆ. ಎದೆಯೆತ್ತರದ ದಡ, ಅಷ್ಟೇ. ನಮ್ಮ ಮನೆಯ ಹಿತ್ತಲ ಗೋಡೆ ಅದಕ್ಕಿಂತ ಎತ್ತರ. ಕೂತು ಅತ್ತೆ. ವಿಜಯ ನೀರಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ, "ತುಳಸಕ್ಕಾ, ಒಂಬತ್ತಾತು" ಅಂದರು. ಎದ್ದೆ.

ಲ್ಯಾಂಟರ್ನ್ ಗಣಿಯಲ್ಲಿ ಉಳಿದಿರುವುದು ಮೂರು ಕಲ್ಲಿನ ಗೋಡೆ, ತುಕ್ಕು ಹಿಡಿದ ರಾಟೆ, ಸುತ್ತ ತಂತಿ ಬೇಲಿ ಹಾಕಿದ ಗಣಿಯ ಬಾಯಿ. ಬೇಲಿಯ ಹೊರಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಕೈಮುಗಿದೆ. ಒಳಗೆ ಇಣುಕಲಿಲ್ಲ. ಇಣುಕಬೇಕೆಂಬ ಆಸೆ ಆಯಿತು, ಸುಳ್ಳು ಹೇಳುವುದಿಲ್ಲ. ಒಳಗಿಂದ ತಂಪು ಗಾಳಿ ಬರುತ್ತದೆ, ಅದೇ ಮನುಷ್ಯನನ್ನು ಕರೆಯುವುದು. ಅಪ್ಪ ನೆನಪಾದರು.

ಟೈಮ್ ಆಫೀಸಿನ ಮಾಡು ಹಾರಿಹೋಗಿದೆ. ಗೋಡೆಗೆ ಬಡಿದ ಹಲಗೆ ಹಾಗೇ ಇದೆ. ನಲವತ್ತು ಮೊಳೆ, ನಲವತ್ತು ನಂಬರು, ಬಿಳಿ ಬಣ್ಣ ಮಾಸಿದೆ ಆದರೆ ಓದಬಹುದು. ಬಿಲ್ಲೆ ಒಂದೂ ಇಲ್ಲ. ನೂರು ವರ್ಷದಲ್ಲಿ ಬಂದವರು ಬಿಡುತ್ತಾರೆಯೇ, ಯಾರ ಮನೆಯ ಕೀ ಚೈನ್‌ನಲ್ಲಿ ಇವೆಯೋ. ಇಷ್ಟಕ್ಕಾಗಿ ಇವರು ಸತ್ತರೇ ಅನ್ನಿಸಿತು.

ಆಮೇಲೆ ಕಣ್ಣಿಗೆ ಬಿತ್ತು. ಹಲಗೆಯೆಲ್ಲ ಬಿಸಿಲಿಗೆ ಒಣಗಿ ಬೂದಿಯ ಬಣ್ಣ. ಕೆಲವು ಮೊಳೆಗಳ ಕೆಳಗೆ ಮಾತ್ರ ರೂಪಾಯಿಯಗಲದ ದುಂಡನೆಯ ಗುರುತು. ಅಲ್ಲಿ ಮರದ ಹಳೆಯ ಬಣ್ಣ ಹಾಗೇ ಉಳಿದಿದೆ, ಅಂಚಿಗೆ ಹಸಿರು ಕಿಲುಬು ಇಳಿದಿದೆ. ಹಿತ್ತಾಳೆ ಅಲ್ಲಿ ವರ್ಷಗಟ್ಟಲೆ ತೂಗಿತ್ತು ಎಂದು ಅರ್ಥ. ಮೇಲೆ ಬಂದವರೆಲ್ಲ ತಮ್ಮ ಬಿಲ್ಲೆ ತಾವು ತೆಗೆದುಕೊಂಡರು, ಆ ಮೊಳೆಗಳ ಕೆಳಗೆ ಏನೂ ಇಲ್ಲ. ಬರದವರದ್ದು ಉಳಿಯಿತು. ಗಣಿ ಮುಚ್ಚಿ ಎಲ್ಲರೂ ಹೋದ ಮೇಲೂ ಉಳಿಯಿತು, ಯಾರೋ ಕದ್ದುಕೊಂಡು ಹೋಗುವ ತನಕ.

ಮೂವತ್ತು ವರ್ಷ ವಿಮಾನದ ಬಿಡಿಭಾಗಗಳ ತಪಾಸಣೆ ಮಾಡಿದವಳು ನಾನು. ನಮಗೆ ಬೇಕಾದ್ದನ್ನು ನಮ್ಮ ಕಣ್ಣು ಹುಡುಕಿ ತಂದುಕೊಡುತ್ತದೆ ಎಂದು ಗೊತ್ತು. ಹಾಗಾಗಿ ನಾನು ಹಲಗೆಗೆ ಬೆನ್ನು ತಿರುಗಿಸಿ ನಿಂತು, ನೋಟ್‌ಬುಕ್ ತೆರೆದು, ವಿಜಯ ಅವರಿಗೆ ಹೇಳಿದೆ, ದುಂಡನೆಯ ಗುರುತು ಎಲ್ಲೆಲ್ಲಿದೆಯೋ ಆ ನಂಬರು ಓದಿ ಅಂತ. ಪುಟದಲ್ಲಿ ಏನಿದೆ ಎಂದು ಅವರಿಗೆ ನಾನು ಯಾವತ್ತೂ ತೋರಿಸಿರಲಿಲ್ಲ.

"ಒಂಬತ್ತು" ಅಂದರು. "ಹದಿನೇಳು." ಒಂದೊಂದು ಮೊಳೆಗೂ ನಿಂತು ನಿಂತು ಸರಿಯುವ ಅವರ ಹೆಜ್ಜೆ ಸದ್ದು ಬೆನ್ನ ಹಿಂದೆ ಕೇಳಿತು. "ಇಪ್ಪತ್ತಾರು. ಅಷ್ಟರೀ. ಮತ್ಯಾವ ಮೊಳಿ ಕೆಳಗೂ ಇಲ್ಲ."

ಇವರ ಅಕ್ಷರದಲ್ಲಿ ಪುಟದ ಮೇಲೆ ಇದ್ದದ್ದು: ೯, ರಫಾಯೆಲ್ ಒರ್ತೇಗಾ. ೧೭, ಜಾನ್ ಟ್ರೆಂಬಾತ್. ೨೬, ಆಂಟನ್ ಎಂದಷ್ಟೇ, ಮನೆತನದ ಹೆಸರಿಲ್ಲ. ಕೆಲಸ ಬಿಟ್ಟು ಹೋದವರು.

ಫೋಟೋ ತೆಗೆದೆವು, ಅಳತೆ ತೆಗೆದೆವು, ಒಂದು ಮೊಳೆಯನ್ನೂ ಮುಟ್ಟಲಿಲ್ಲ. ಹನ್ನೆರಡೂವರೆಗೆ ತಿರುಗಿದೆವು. ಇನ್ನೂ ನೋಡುವುದು ಬೇಕಾದಷ್ಟಿತ್ತು.

ಕಾರು ಹತ್ತಿ ಬರುವಾಗ ವಿಜಯ ಅವರ ಟಯರನ್ನು ಒಂದು ಚೂಪುಗಲ್ಲು ಸೀಳಿತು. ಹನ್ನೊಂದು ಸಲ ಮಾಡಿದ ಕೆಲಸ ಹನ್ನೆರಡನೇ ಸಲ ಇಪ್ಪತ್ತೆರಡು ನಿಮಿಷಕ್ಕೆ ಮುಗಿಯಿತು. ತಡವಾಗುತ್ತದೆ ಎಂದು ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಯಂತ್ರದಿಂದ ಮೆಸೇಜ್ ಒತ್ತಿದೆ. ಬೆಟ್ಟಗಳ ನಡುವೆ ಆಕಾಶ ಕಿರಿದು, ಅದು ನಿಮಗೆ ತಲುಪಿದ್ದು ನಾಲ್ಕೂ ಹನ್ನೆರಡಕ್ಕೆ ಎಂದು ಆಮೇಲೆ ನೋಡಿದೆ. ಟಾರು ರಸ್ತೆಗೆ ಬಂದು ಫೋನ್ ಮಾಡಿದ್ದು ನಾಲ್ಕೂ ಒಂಬತ್ತಕ್ಕೆ. ನಿಮ್ಮ "ಸರಿ" ಕೇಳಿ ಫೋನ್ ಇಡುವಷ್ಟರಲ್ಲಿ ಎದುರಿಗೆ, ಆ ರಸ್ತೆಯಲ್ಲೇ ಗಸ್ತಿನಲ್ಲಿದ್ದ ಶೆರಿಫ್ ಕಾರು.

ಆ ಅಧಿಕಾರಿ ಇಳಿದು ಬಂದು ಮೊದಲು ನೋಡಿದ್ದು ನಮ್ಮ ಶೂಗಳನ್ನು. ನಿಮ್ಮ ಮನೆಯವರು ನಾಲ್ಕು ಗಂಟೆ ಸೊನ್ನೆ ನಿಮಿಷಕ್ಕೆ ಕರೆ ಮಾಡಿದರು, ಶೂ ತಳದ ಗೆರೆಗಳನ್ನೂ ವರ್ಣಿಸಿದರು, ಇಂಥ ಕರೆ ನಾನು ಕೇಳೇ ಇಲ್ಲ ಎಂದ. ಅನಾವಶ್ಯಕ ಓಡಿಸಿದೆವಲ್ಲ ಎಂದು ನಾನು ಕ್ಷಮೆ ಕೇಳಹೊರಟೆ. ಬೇಡ, ನಾನು ಸುಮ್ಮನೆ ವಾಪಸ್ ಹೋಗುವ ದಿನಗಳೇ ಒಳ್ಳೆಯ ದಿನಗಳು ಎಂದ. ನಿಮ್ಮ ಮನೆಯವರು ಎಂದು ಅವನು ನಿಮ್ಮನ್ನು ಕರೆದದ್ದನ್ನು ನಾನು ತಿದ್ದಲಿಲ್ಲ.

ಈಗ ಹೇಳಲೇಬೇಕಾದ ಮಾತು. ೨೦೧೭ರ ಯುಗಾದಿಯಂದು ನಮ್ಮ ಮನೆಯಲ್ಲಿ ಇಪ್ಪತ್ತು ಜನರ ಎದುರು, ಹೋಳಿಗೆ ಬಡಿಸುತ್ತ ನಿಮಗೆ ಹೇಳಿದ್ದೆ: "ನಿಮ್ಮ ಗೆಳೆಯ ಆರು ಅಂದ್ರೆ ಎಂಟು ಅಂತ ಇಟ್ಕೊಳ್ಳಿ, ಇಂದು. ಎಂಟು ಆದ್ಮೇಲೂ ಒಂದು ಗಂಟೆ ಕೈಯಲ್ಲಿರ್ಲಿ." ಎಲ್ಲರೂ ನಕ್ಕರು, ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಎಂ‍ಟು, ಆಮೇಲೆ ಒಂದು ಗಂಟೆ. ನೀವು ಕಾದದ್ದು ನನ್ನ ಲೆಕ್ಕದ ಪ್ರಕಾರ. ನೀವು ಅದನ್ನು ಶೆರಿಫ್‌ಗೆ ಹೇಳಲಿಲ್ಲ, ಮಕ್ಕಳಿಗೆ ಹೇಳಲಿಲ್ಲ, ಆರತಿ ಫೋನಿನಲ್ಲಿ ನಿಮ್ಮನ್ನು ಬೈದಾಗಲೂ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಳಂತೆ. ನೀವು ಎಂದಾದರೂ ಆ ಮಾತು ಎತ್ತಿಬಿಡುತ್ತೀರಿ ಎಂಬ ಹೆದರಿಕೆಗೆ ನಾನು ನಿಮ್ಮನ್ನು ಬ್ಲಾಕ್ ಮಾಡಿದೆ. ಸಿಟ್ಟು ಇತ್ತು, ನಿಜ. ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಇದನ್ನು ಮಕ್ಕಳಿಬ್ಬರಿಗೂ ನಿನ್ನೆ ಹೇಳಿದ್ದೇನೆ.

ತುಳಸಿ


ರಾಂಚೊ ಬರ್ನಾರ್ಡೊ
೨೪ ನವೆಂಬರ್ ೨೦೨೨

ಅತ್ತಿಗೆಗೆ,

ನೆನಪಿತ್ತು. ಶೆರಿಫ್ ಕಚೇರಿಯವರು ಯಾಕೆ ಕಾದಿರಿ ಎಂದು ಕೇಳಿದಾಗ ನಾಲಗೆಯ ತುದಿಗೆ ಬಂದಿತ್ತು, ನುಂಗಿದೆ. ನೀವು ಹೇಳಿದ್ದು ಹೋಳಿಗೆಯ ಮಾತು. ಅದನ್ನು ಮರುಭೂಮಿಗೆ ಒಯ್ದವನು ನಾನು. ಮಕ್ಕಳಿಗೆ ಹೇಳುವ ಅಗತ್ಯವಿರಲಿಲ್ಲ. ಆದರೆ ನಿನ್ನೆ ಆರತಿ ಫೋನ್ ಮಾಡಿ ಅಂಕಲ್ ಅಂದಳು, ಆಮೇಲೆ ಅಳತೊಡಗಿದಳು. ಅವಳ ಮಗನಿಗೆ ಎರಡು ವರ್ಷ ತುಂಬುತ್ತಂತೆ.

ನೀವು ಕಳಿಸಿದ ಫೋಟೋಗಳನ್ನೂ ಊಟದ ಮನೆಯ ಪಟ್ಟಿಯನ್ನೂ ಗಣಿಗಳ ವಿಷಯಕ್ಕೆ ಶಂಕರ ಪತ್ರ ಬರೆದು ಕೇಳುತ್ತಿದ್ದ ಒಂದು ಸಣ್ಣ ಮ್ಯೂಸಿಯಂಗೆ ಒಯ್ದು ಕೊಟ್ಟೆ. ಹತ್ತು ಗಂಟೆಗೆ ಬನ್ನಿ ಎಂದಿದ್ದರು, ಒಂಬತ್ತೂವರೆಗೆ ಗೇಟಿನ ಹತ್ತಿರ ಇದ್ದೆ. ಅಲ್ಲಿಯ ಹೆಂಗಸು ಎರಡು ಗಂಟೆ ಕೂತು ಎಲ್ಲ ನೋಡಿದರು. ಪೂರ್ತಿ ಸಾಬೀತಾಯಿತು ಎಂದು ಹೇಳಲಾರೆ, ಆದರೆ ಎಲ್ಲರೂ ಮೇಲೆ ಬಂದರು ಎಂಬ ಮಾತನ್ನು ಇನ್ನು ಹಾಗೇ ಬಿಡಲೂ ಆಗುವುದಿಲ್ಲ ಎಂದರು. 'ಗಣಿಯೊಳಗೆ ತೀರಿಕೊಂಡಿರಬೇಕಾದವರು' ಎಂದು ಮೂವರ ಹೆಸರನ್ನು ತಮ್ಮ ಪುಸ್ತಕದಲ್ಲಿ ನನ್ನೆದುರಿಗೇ ಬರೆದರು. ಕಂಡುಹಿಡಿದವರ ಹೆಸರೇನು ಎಂದು ಕೇಳಿದರು. ಉಮಾಶಂಕರ್ ಮತ್ತು ತುಳಸಿ ಎಂದು ಬರೆಸಿದ್ದೇನೆ. ವಿಜಯ ಅವರ ಹೆಸರೂ ಇದೆ, ಹುಬ್ಬಳ್ಳಿ ಸಮೇತ.

ಇಂದು


ರೆಡೊಂಡೊ ಬೀಚ್
೫ ಡಿಸೆಂಬರ್ ೨೦೨೨

ಇಂದು,

ಇವತ್ತಿಗೆ ಎರಡು ವರ್ಷ.

ಬೆಳಿಗ್ಗೆ ಸ್ನಾನ ಮಾಡಿ, ನೀಲಿ ನೋಟ್‌ಬುಕ್‌ನ ಕೊನೆಯ ಪುಟ ತೆಗೆದು, 'ನೋಡಬೇಕು' ಎಂಬ ಅವರ ಸಾಲಿನ ಕೆಳಗೆ 'ನೋಡಿದೆವು' ಎಂದು ಬರೆದೆ. ಅದರ ಕೆಳಗೆ ಆ ಮೂವರ ಹೆಸರು. ಅದರ ಕೆಳಗೆ ಇವರ ಹೆಸರು, ತಂದೆಯ ಹೆಸರು, ಊರು ಮೈಸೂರು, ತಾರೀಕು. ಅಪ್ಪನ ಟೈಮ್ ಆಫೀಸಿನ ಪದ್ಧತಿ ನಿಮಗೆ ಬರೆದಿದ್ದೆನಲ್ಲ. ಹೆಸರು ಬರೆದ ಮೇಲೆ ತೆಗೆಯಬಹುದು.

ಅಡುಗೆಮನೆಯ ಮೊಳೆಯಿಂದ ಬಿಲ್ಲೆ ತೆಗೆದೆ. ಎರಡು ವರ್ಷದ ಒಗ್ಗರಣೆ ಹೊಗೆಗೆ ಗೋಡೆ ಮಂಕಾಗಿದೆ. ಬಿಲ್ಲೆ ಇದ್ದಲ್ಲಿ ಮಾತ್ರ ದುಂಡಗೆ, ಬಿಳಿ. ಬಟ್ಟೆ ಒದ್ದೆ ಮಾಡಿಕೊಂಡು ಗೋಡೆ ಒರೆಸಲು ಹೋದವಳು ಬಿಟ್ಟುಬಿಟ್ಟೆ. ಇರಲಿ. ಹಲಗೆಗೆ ನೂರು ವರ್ಷ ನೆನಪಿದ್ದರೆ ನನ್ನ ಗೋಡೆಗೂ ಇರಲಿ.

ಜನವರಿ ಹದಿನಾಲ್ಕು, ಶನಿವಾರ, ವಿಜಯ ಮತ್ತು ನಾನು ಮತ್ತೆ ಹೊರಡುತ್ತೇವೆ. ನೋಟ್‌ಬುಕ್‌ನಲ್ಲಿ ಇನ್ನೂ ನಾಲ್ಕು ಜಾಗಗಳಿವೆ, ಪ್ರತಿಯೊಂದರಲ್ಲೂ ಯಾರೋ ಬರೆಯದೆ ಬಿಟ್ಟ ಹೆಸರುಗಳು. ನನಗೆ ಅರವತ್ತು. ವರ್ಷಕ್ಕೊಂದು ಎಂದರೂ ಆಗುತ್ತದೆ. ಫೋನ್ ನಾಲ್ಕಕ್ಕೆ. ಈ ಸಲ ಎರಡು ಸ್ಟೆಪ್ನಿ ಒಯ್ಯುತ್ತೇವೆ.

ನೀವೂ ಒಮ್ಮೆ ಬರುತ್ತೇನೆ ಎಂದು ಕೇಳಿದ್ದಿರಿ. ಬೇಡ. ಹಲಗೆಯ ಹತ್ತಿರ ಒಬ್ಬರು ಇರಲೇಬೇಕು.

ಇದರ ಜೊತೆಗೆ ಹತ್ತಿಯಲ್ಲಿ ಸುತ್ತಿಟ್ಟಿರುವುದು ನಾನೂರ ಹನ್ನೆರಡು. ಅದು ಇನ್ನು ನನ್ನ ಬಿಲ್ಲೆ. ನಾನು ಹೊರಟಾಗ ನಿಮ್ಮ ಮನೆಯಲ್ಲಿ ತೂಗಲಿ. ಮಾರನೆಯ ದಿನ ಸಂಕ್ರಾಂತಿ, ಎಳ್ಳು ಬೀರಲು ಬರುತ್ತೇನೆ, ನಾನೇ ತೆಗೆದುಕೊಳ್ಳುತ್ತೇನೆ. ಜಯಾಗೆ ಹೇಳಿ, ಐದು ಗಂಟೆಗೆ. ಐದು ಎಂದರೆ ಐದು.

ನಿಮ್ಮ ಅತ್ತಿಗೆ
ತುಳಸಿ


ರಾಂಚೊ ಬರ್ನಾರ್ಡೊ
೧೨ ಡಿಸೆಂಬರ್ ೨೦೨೨

ಅತ್ತಿಗೆ,

ಬಿಲ್ಲೆ ತಲುಪಿತು. ಹಜಾರದ ಗಡಿಯಾರದ ಪಕ್ಕ ಮೊಳೆ ಹೊಡೆದಿದ್ದೇನೆ. ಸೊಟ್ಟಗಾಗಿದೆ ಎಂದು ಜಯಾ ಎರಡು ಸಲ ತೆಗೆಸಿ ಹೊಡೆಸಿದಳು.

ಇನ್ನೂ ತೂಗುಹಾಕಿಲ್ಲ. ಹದಿನಾಲ್ಕರ ಬೆಳಿಗ್ಗೆ ನೀವು ಹೊರಟೆವು ಎಂದ ಮೇಲೆ ಹಾಕುತ್ತೇನೆ. ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. "ಅವರು ನಾಲ್ಕಕ್ಕೆ ಫೋನ್ ಮಾಡಿದ ಮೇಲಾದ್ರೂ ಏಳ್ತೀರಾ, ಊಟ ಮಾಡ್ತೀರಾ?" ಎಂದು ಜಯಾ ಕೇಳುತ್ತಿದ್ದಾಳೆ. ಊಟವನ್ನು ಅಲ್ಲಿಗೇ ತಂದುಕೊಡು ಎಂದಿದ್ದೇನೆ. ಮಾರನೆಯ ದಿನ ಐದಕ್ಕೆ ನೀವು ಒಳಗೆ ಬಂದು ನಿಮ್ಮ ಕೈಯಿಂದ ಅದನ್ನು ತೆಗೆಯಬೇಕು. ಅಲ್ಲಿಯವರೆಗೆ ನಾನು ಆ ಕುರ್ಚಿ ಬಿಟ್ಟು ಏಳುವುದಿಲ್ಲ.

ಇಂದು